ಅಮೆರಿಕದ ಪೇ ಸ್ಲಿಪ್‌ನಲ್ಲಿ ಕಾಣುವ ಸೋಶಿಯಲ್ ಸೆಕ್ಯೂರಿಟಿ ಎಲ್ಲಿಂದ ಬಂತು?

ಅಮೆರಿಕಕ್ಕೆ ಕೆಲಸಕ್ಕೆಂದು ಹೋದ ನಮ್ಮವರು ಅಲ್ಲಿ ಇಳಿದ ಮೇಲೆ ಮೊದಲು ಓಡಾಡುವುದು ಒಂದು ನಂಬರಿಗಾಗಿ. ಒಂಬತ್ತು ಅಂಕಿಯ ಸೋಶಿಯಲ್ ಸೆಕ್ಯೂರಿಟಿ ನಂಬರ್. ಸಂಬಳದ ಲೆಕ್ಕಕ್ಕೂ ಅದೇ ಬೇಕು, ಬಾಡಿಗೆ ಮನೆ ಹುಡುಕುವಾಗಲೂ ಅದನ್ನೇ ಕೇಳುತ್ತಾರೆ. ಆಮೇಲೆ ಮೊದಲ ಪೇ ಸ್ಲಿಪ್ ಬರುತ್ತದೆ. ಆದಾಯ ತೆರಿಗೆಯ ಜೊತೆಗೆ ಇನ್ನೆರಡು ಕಡಿತ ಕಾಣುತ್ತವೆ: ಸಂಬಳದ ಶೇ. 6.2 ಸೋಶಿಯಲ್ ಸೆಕ್ಯೂರಿಟಿಗೆ, ಅಂದರೆ ಮುಖ್ಯವಾಗಿ ಮುಪ್ಪಿನ ಪಿಂಚಣಿಗೆ; ಶೇ. 1.45 ಮೆಡಿಕೇರ್‌ಗೆ, ಅಂದರೆ ವಯಸ್ಸಾದವರ ಆರೋಗ್ಯ ವಿಮೆಗೆ. ಕಂಪನಿ ತನ್ನ ಕಡೆಯಿಂದ ಅಷ್ಟೇ ಹಣ ಸೇರಿಸಿ ಕಟ್ಟುತ್ತದೆ. "ಇದೇನು, ನಮ್ಮ ಪಿಎಫ್ ಥರಾನಾ?" ಅನ್ನೋದು ಆಗ ಎಲ್ಲರೂ ಕೇಳುವ ಪ್ರಶ್ನೆ.

ಪಿಎಫ್ ಥರ ಅಲ್ಲ. ಯಾಕಲ್ಲ ಎಂಬುದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು, ಈ ಕಡಿತ ಯಾವುದೋ ಸರ್ಕಾರ ಒಂದು ದಿನ ಕೂತು ಯೋಚಿಸಿ ತಂದದ್ದಲ್ಲ. ಇದರ ಹಿಂದೆ ಸುಮಾರು ಐವತ್ತು ವರ್ಷಗಳ ಕೆಲಸ ಇದೆ. ಮಾಡಿದವರಲ್ಲಿ ಹೆಂಗಸರೇ ಜಾಸ್ತಿ. ಅಮೆರಿಕದಲ್ಲಿ ಹೆಂಗಸರ ಮತದಾನದ ಹಕ್ಕು ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ ಇವರು ಕೆಲಸ ಶುರು ಮಾಡಿದ್ದರು. ಓಟೇ ಇಲ್ಲದವರು ಕಾನೂನು ಮಾಡಿಸಿದ್ದು ಹೇಗೆ? ಭಾಷಣದಿಂದಲ್ಲ, ಎಣಿಸಿ, ಬರೆದಿಟ್ಟು, ಅಧಿಕಾರದಲ್ಲಿದ್ದವರನ್ನು ಜಾಗಕ್ಕೇ ಕರೆದುಕೊಂಡು ಹೋಗಿ ತೋರಿಸಿ.

ಆಗ ಪರಿಸ್ಥಿತಿ ಹೇಗಿತ್ತು?

1890ರ ಸುಮಾರಿನ ಷಿಕಾಗೋ, ನ್ಯೂಯಾರ್ಕ್ ನೆನೆಸಿಕೊಳ್ಳಿ. ಇಟಲಿ, ರಷ್ಯಾ, ಪೋಲೆಂಡ್, ಬೊಹೀಮಿಯಾ ಕಡೆಯಿಂದ ಹಡಗುಗಟ್ಟಲೆ ಜನ ಬಂದು ಇಳಿಯುತ್ತಿದ್ದರು. ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಮೆ. ಕನಿಷ್ಠ ಕೂಲಿ ಇಲ್ಲ, ಬಹುತೇಕರಿಗೆ ಪಿಂಚಣಿ ಇಲ್ಲ. ಮೆಷಿನ್‌ಗೆ ಸಿಕ್ಕಿ ಕೈ ಹೋದರೆ ಅದು ಕೆಲಸಗಾರನ ಹಣೆಬರಹ. 1900ರ ಜನಗಣತಿಯ ಪ್ರಕಾರ 10ರಿಂದ 15 ವರ್ಷದ ಸುಮಾರು 17.5 ಲಕ್ಷ ಮಕ್ಕಳು ದುಡಿಯುತ್ತಿದ್ದರು.

ಸ್ವೆಟ್‌ಶಾಪ್ ಎಂಬ ಮಾತು ಆಗಲೇ ಚಾಲ್ತಿಯಲ್ಲಿತ್ತು. ದೊಡ್ಡ ಬಟ್ಟೆ ಕಂಪನಿ ಬಟ್ಟೆ ಕತ್ತರಿಸಿ ಕೊಡುತ್ತದೆ. ಮಧ್ಯವರ್ತಿ ಒಬ್ಬ ಅದನ್ನು ಗಂಟು ಕಟ್ಟಿ ಒಯ್ದು ಬಡವರ ಕೋಣೆಗಳಲ್ಲಿ ಹೊಲಿಸುತ್ತಾನೆ. ಪೀಸಿಗೆ ಇಷ್ಟು ಎಂದು ಕೂಲಿ. ಅಡುಗೆ, ನಿದ್ದೆ, ಕಾಯಿಲೆ, ಹೊಲಿಗೆ ಎಲ್ಲ ಒಂದೇ ಕೋಣೆಯಲ್ಲಿ.

ಇನ್ನೊಂದು ವಿಷಯ ತಿಳಿದಿರಬೇಕು. ಅಮೆರಿಕದಲ್ಲಿ ಕಾರ್ಮಿಕರ ವಿಷಯ ಆಗ ಹೆಚ್ಚಾಗಿ ಆಯಾ ರಾಜ್ಯಗಳ ಕೈಯಲ್ಲಿತ್ತು. ರಾಜ್ಯವೊಂದು ಕಾನೂನು ಮಾಡಿದರೂ ಕೋರ್ಟ್ ಅದನ್ನು ಹೊಡೆದುಹಾಕುವ ಸಾಧ್ಯತೆ ಇರುತ್ತಿತ್ತು. "ಮಾಲೀಕ, ಕೆಲಸಗಾರ ಇಬ್ಬರೂ ತಮಗೆ ಬೇಕಾದಂತೆ ಕರಾರು ಮಾಡಿಕೊಳ್ಳಲು ಸ್ವತಂತ್ರರು, ಮಧ್ಯೆ ಬರಲು ಸರ್ಕಾರ ಯಾರು?" ಎಂಬುದು ಕೋರ್ಟುಗಳ ವಾದ. ಹಸಿದವನು ಮಾಡಿಕೊಳ್ಳುವ ಕರಾರು ಎಷ್ಟು ಸ್ವತಂತ್ರ ಎಂಬ ಪ್ರಶ್ನೆಗೆ ಅಲ್ಲಿ ಜಾಗ ಇರಲಿಲ್ಲ.

ಬಡವರ ಬೀದಿಯಲ್ಲೇ ಮನೆ ಮಾಡಿದ ಜೇನ್ ಆಡಮ್ಸ್

ಜೇನ್ ಆಡಮ್ಸ್ ಇಲಿನಾಯ್ ರಾಜ್ಯದ ಅನುಕೂಲಸ್ಥರ ಮನೆಯ ಮಗಳು. ಓದಿದ ಯುವಕರು ಲಂಡನ್‌ನ ಬಡವರ ಕೇರಿಯಲ್ಲೇ ಮನೆ ಮಾಡಿಕೊಂಡಿದ್ದ ಟಾಯ್ನ್‌ಬಿ ಹಾಲ್ ನೋಡಿ ಬಂದರು. 1889ರಲ್ಲಿ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಷಿಕಾಗೋದ ಹಾಲ್‌ಸ್ಟೆಡ್ ಬೀದಿಯ ಒಂದು ಹಳೆಯ ಬಂಗಲೆಯಲ್ಲಿ ಹಲ್ ಹೌಸ್ ಶುರು ಮಾಡಿದರು. ಇಂಥ ಮನೆಗಳನ್ನು ಸೆಟ್ಲ್‌ಮೆಂಟ್ ಹೌಸ್ ಅನ್ನುತ್ತಾರೆ. ಆಗಾಗ ಬಂದು ದಾನ ಕೊಟ್ಟು ಹೋಗುವ ಬದಲು ಅಲ್ಲೇ ನೆರೆಯವರಾಗಿ ಬದುಕುವುದು ಇದರ ತಿರುಳು. ಶಿಶುವಿಹಾರ, ಇಂಗ್ಲಿಷ್ ಪಾಠ, ಸ್ನಾನದ ಮನೆ, ಆಟದ ಬಯಲು ಒಂದೊಂದಾಗಿ ಬಂದವು.

ಹಲ್ ಹೌಸ್‌ನ ಮೊದಲ ಕ್ರಿಸ್‌ಮಸ್‌ನಲ್ಲಿ ಒಂದು ಘಟನೆ ನಡೆಯಿತು. ಬಂದ ಮಕ್ಕಳಿಗೆ ಮಿಠಾಯಿ ಹಂಚಿದಾಗ ಕೆಲವು ಹುಡುಗಿಯರು ಬೇಡವೆಂದರು. ಯಾಕೆ ಎಂದು ಕೇಳಿದರೆ, ತಾವು ಮಿಠಾಯಿ ಕಾರ್ಖಾನೆಯಲ್ಲೇ ಕೆಲಸ ಮಾಡುವುದು, ಅದನ್ನು ಕಂಡರೆ ಆಗುವುದಿಲ್ಲ ಎಂಬ ಉತ್ತರ ಬಂತು. ಹಬ್ಬದ ಮುಂಚಿನ ಆರು ವಾರ ಅವರು ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿದಿದ್ದರು. ಆಡಮ್ಸ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪಕ್ಕದಲ್ಲೇ ವಾಸವಿಲ್ಲದಿದ್ದರೆ ಇಂಥ ಸಂಗತಿ ಕಿವಿಗೆ ಬೀಳುವುದೇ ಇಲ್ಲ, ಅಲ್ವಾ?

ಕಸದ ಕಥೆ ಇನ್ನೂ ಚೆನ್ನಾಗಿದೆ. ಬೀದಿಯಲ್ಲಿ ಕಸ ಕೊಳೆತು ಮಕ್ಕಳಿಗೆ ಕಾಯಿಲೆ ಬರುತ್ತಿತ್ತು. ಗುತ್ತಿಗೆದಾರರು ರಾಜಕಾರಣಿಗಳ ಕಡೆಯವರು. ದೂರು ಕೊಟ್ಟು ಸಾಕಾಗಿ ಆಡಮ್ಸ್ ತಾವೇ ಕಸದ ಟೆಂಡರ್‌ಗೆ ಅರ್ಜಿ ಹಾಕಿದರು. ಟೆಂಡರ್ ಸಿಗಲಿಲ್ಲ. ಆದರೆ 1895ರಲ್ಲಿ ಮೇಯರ್ ಅವರನ್ನೇ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದರು. ಬೆಳಿಗ್ಗೆ ಆರಕ್ಕೇ ಎದ್ದು ಕಸದ ಗಾಡಿಗಳ ಹಿಂದೆ ಹೋಗುವುದು ಅವರ ಕೆಲಸವಾಯಿತು. ಒಂದು ಇಕ್ಕಟ್ಟಾದ ಬೀದಿಯಲ್ಲಿ ಕೆರೆದು ತೆಗೆದಾಗ ಒಂದೂವರೆ ಅಡಿ ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು. ಅಲ್ಲೊಂದು ರಸ್ತೆ ಇದೆ ಎಂಬುದನ್ನೇ ಎಲ್ಲರೂ ಮರೆತಿದ್ದರು!

1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದು ಯುದ್ಧದ ವಿರುದ್ಧ ಮಾಡಿದ ಕೆಲಸಕ್ಕೆ. ಅದೇ ಬೇರೆ ಕಥೆ.

ಮನೆಮನೆ ಹತ್ತಿಳಿದು ಎಣಿಸಿದ ಫ್ಲಾರೆನ್ಸ್ ಕೆಲ್ಲಿ

ಹಲ್ ಹೌಸ್‌ಗೆ ಚುರುಕು ಮುಟ್ಟಿಸಿದವರು ಫ್ಲಾರೆನ್ಸ್ ಕೆಲ್ಲಿ. ಸಂಸದರೊಬ್ಬರ ಮಗಳು, ಕಾರ್ನೆಲ್‌ನಲ್ಲಿ ಓದಿದವರು. ಹೊಡೆಯುವ ಗಂಡನನ್ನು ಬಿಟ್ಟು ಮೂರು ಮಕ್ಕಳೊಂದಿಗೆ 1891ರ ಕೊನೆಯಲ್ಲಿ ಷಿಕಾಗೋ ಸೇರಿದರು.

ಸುಮ್ನೆ ಕೂರುವ ಜಾಯಮಾನ ಅವರದಲ್ಲ. ಕೇಂದ್ರ ಸರ್ಕಾರದ ಒಂದು ಸಮೀಕ್ಷೆಗಾಗಿ ಹಲ್ ಹೌಸ್ ಸುತ್ತಲಿನ ಮನೆಮನೆಗೂ ಹೋಗಿ ಲೆಕ್ಕ ತೆಗೆದರು. ಯಾರು ಯಾವ ದೇಶದವರು, ವಾರದ ಸಂಪಾದನೆ ಎಷ್ಟು ಎಂಬ ವಿವರವನ್ನು ಬಣ್ಣಬಣ್ಣದ ನಕ್ಷೆ ಮಾಡಿ 1895ರಲ್ಲಿ ಹಲ್ ಹೌಸ್‌ನವರು ಅಚ್ಚು ಹಾಕಿಸಿದರು. ಒಂದು ಚದರ ಮೈಲಿಯ ಮೂರನೇ ಒಂದು ಭಾಗದಷ್ಟು ಜಾಗದಲ್ಲಿ ಹದಿನೆಂಟು ದೇಶಗಳ ಜನ ಇದ್ದರು. "ಅಲ್ಲಿ ಬಡತನ ಇದೆ" ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವ ಬೀದಿಯ ಯಾವ ಕಟ್ಟಡದಲ್ಲಿ ವಾರಕ್ಕೆ ಐದು ಡಾಲರಿಗಿಂತ ಕಡಿಮೆ ಗಳಿಸುವವರಿದ್ದಾರೆ ಎಂದು ಬಣ್ಣ ಹಚ್ಚಿ ತೋರಿಸಿದರೆ ಇಲ್ಲ ಎನ್ನಲು ಬರುವುದಿಲ್ಲ.

1893ರಲ್ಲಿ ಇಲಿನಾಯ್ ಒಂದು ಕಾನೂನು ತಂದಿತು. 14 ವರ್ಷದೊಳಗಿನ ಮಕ್ಕಳು ಕಾರ್ಖಾನೆಯಲ್ಲಿ ದುಡಿಯುವಂತಿಲ್ಲ, ಹೆಂಗಸರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ. ಜಾರಿ ಮಾಡಲು ಗವರ್ನರ್ ಆಲ್ಟ್‌ಗೆಲ್ಡ್ ಕೆಲ್ಲಿಯವರನ್ನೇ ಮುಖ್ಯ ಕಾರ್ಖಾನೆ ಇನ್‌ಸ್ಪೆಕ್ಟರ್ ಮಾಡಿದರು. ಮರುವರ್ಷ ಷಿಕಾಗೋದಲ್ಲಿ ಸಿಡುಬು ಹಬ್ಬಿದಾಗ, ರೋಗಿ ಮಲಗಿರುವ ಕೋಣೆಯಲ್ಲೇ ಅಂಗಡಿಗೆ ಹೋಗುವ ಬಟ್ಟೆ ಹೊಲಿಯುತ್ತಿರುವುದನ್ನು ಅವರ ತಂಡ ಪತ್ತೆ ಮಾಡಿತು. ಬಡವರ ಕಷ್ಟಕ್ಕೆ ಕಿವಿಗೊಡದಿದ್ದ ಪೇಟೆಯ ಜನ ಆಗ ಬೆಚ್ಚಿದರು. ಆ ಕೋಟು ನಾಳೆ ತಮ್ಮ ಮೈಮೇಲೇ ಬರಬಹುದಲ್ಲ!

1895ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎಂಟು ಗಂಟೆಯ ನಿಯಮವನ್ನು ರದ್ದು ಮಾಡಿತು. ಕೊಟ್ಟ ಕಾರಣ ಅದೇ ಕರಾರು ಸ್ವಾತಂತ್ರ್ಯ. ಕೆಲ್ಲಿ 1899ರಲ್ಲಿ ನ್ಯೂಯಾರ್ಕಿಗೆ ಹೋಗಿ ನ್ಯಾಷನಲ್ ಕನ್ಸ್ಯೂಮರ್ಸ್ ಲೀಗ್‌ನ ಚುಕ್ಕಾಣಿ ಹಿಡಿದರು. ಅಲ್ಲಿ ಪಟ್ಟು ಬದಲಿಸಿದರು. ಕೊಳ್ಳುವವರನ್ನೇ ಒಗ್ಗೂಡಿಸಿ, ನಿಯಮ ಪಾಲಿಸುವ ಕಾರ್ಖಾನೆಗಳ ಒಳ ಉಡುಪಿಗೆ ಬಿಳಿ ಲೇಬಲ್ ಹಚ್ಚಿಸಿದರು. ಲೇಬಲ್ ಇದ್ದರೆ ಮಾತ್ರ ಕೊಳ್ಳಿ ಎಂಬ ಪ್ರಚಾರ.

ಕೋರ್ಟಿಗೂ ಇದೇ ಎಣಿಕೆಯ ಅಸ್ತ್ರ ಬಳಸಿದರು. ಲಾಂಡ್ರಿಗಳಲ್ಲಿ ಹೆಂಗಸರಿಗೆ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು ಎಂಬ ಆರೆಗಾನ್ ರಾಜ್ಯದ ಕಾನೂನು 1908ರಲ್ಲಿ ದೇಶದ ಸುಪ್ರೀಂ ಕೋರ್ಟ್ ಮುಂದೆ ಬಂತು. ಲೀಗ್ ಪರವಾಗಿ ವಕೀಲ ಲೂಯಿಸ್ ಬ್ರ್ಯಾಂಡೈಸ್ ಸಲ್ಲಿಸಿದ ವಾದಪತ್ರದಲ್ಲಿ ಕಾನೂನಿನ ಮಾತು ಎರಡು ಪುಟ ಇತ್ತು ಅಷ್ಟೇ. ಉಳಿದ ನೂರಕ್ಕೂ ಹೆಚ್ಚು ಪುಟಗಳಲ್ಲಿ ವೈದ್ಯರು, ಇನ್‌ಸ್ಪೆಕ್ಟರುಗಳು ಕೊಟ್ಟ ವರದಿಗಳು. ಅವನ್ನು ಕಲೆಹಾಕಿದ್ದು ಜೋಸೆಫೀನ್ ಗೋಲ್ಡ್‌ಮಾರ್ಕ್. ಕಾನೂನು ಉಳಿಯಿತು. ಆದರೆ ಅದಕ್ಕೊಂದು ಬೆಲೆಯೂ ಇತ್ತು: "ಹೆಂಗಸರು ನಾಜೂಕು" ಎಂಬ ನೆಲೆಯ ಮೇಲೆ ಗೆದ್ದ ಈ ತೀರ್ಪನ್ನೇ ಮುಂದೆ ಹೆಂಗಸರನ್ನು ಕೆಲವು ಕೆಲಸಗಳಿಂದ ದೂರ ಇಡಲೂ ಬಳಸಿದರು.

ಕೋಟಿನ ಗುಂಡಿಯೇ ಅಳತೆಗೋಲು

ಮಕ್ಕಳ ದುಡಿಮೆ ನಿಲ್ಲಿಸಲು ಅಂಕಿ ಸಾಲಲಿಲ್ಲ, ಕಣ್ಣಿಗೆ ಕಾಣಿಸಬೇಕಿತ್ತು. ಮೇಷ್ಟ್ರ ಕೆಲಸ ಬಿಟ್ಟು ಬಂದ ಲೂಯಿಸ್ ಹೈನ್ 1908ರಿಂದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಹತ್ತಿ ಗಿರಣಿ, ಕಲ್ಲಿದ್ದಲ ಗಣಿ, ಸಿಗಡಿ ಕಾರ್ಖಾನೆ ಸುತ್ತಿ ಫೋಟೋ ತೆಗೆದರು. ಕಾವಲುಗಾರರು ಒಳಗೆ ಬಿಡಬೇಕಲ್ಲ! ಒಮ್ಮೆ ಬೈಬಲ್ ಮಾರುವವರಾದರು, ಇನ್ನೊಮ್ಮೆ ಪೋಸ್ಟ್‌ಕಾರ್ಡ್ ಮಾರುವವರಾದರು. ಮಗುವಿನ ಎತ್ತರ ತನ್ನ ಕೋಟಿನ ಎಷ್ಟನೇ ಗುಂಡಿಗೆ ಬರುತ್ತದೆ ಎಂದು ನೋಡಿ ಅಂದಾಜು ಮಾಡುತ್ತಿದ್ದರು. ಜೇಬಿನೊಳಗೆ ಕೈ ಇಟ್ಟುಕೊಂಡೇ ಹೆಸರು, ವಯಸ್ಸು ಗೀಚಿಕೊಳ್ಳುತ್ತಿದ್ದರು.

1912ರಲ್ಲಿ ಮಕ್ಕಳಿಗಾಗಿಯೇ ಕೇಂದ್ರದಲ್ಲಿ ಒಂದು ಇಲಾಖೆ ಬಂತು. ಅದರ ಮುಖ್ಯಸ್ಥೆ ಹಲ್ ಹೌಸ್‌ನ ಜೂಲಿಯಾ ಲೇತ್ರಾಪ್. 1916ರಲ್ಲಿ ಕೇಂದ್ರದ ಕಾನೂನು ಬಂತು, 1918ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 1919ರಲ್ಲಿ ಮತ್ತೊಂದು ಬಂತು, 1922ರಲ್ಲಿ ಅದೂ ರದ್ದು. ಕೊನೆಗೆ ನೆಲೆ ನಿಂತದ್ದು 1938ರ ಕಾನೂನು. ಎರಡು ವರ್ಷದ ನಂತರ ಹೈನ್ ತೀರಿಕೊಂಡರು. ಆ ಹೊತ್ತಿಗೆ ಮನೆಯನ್ನೂ ಕಳೆದುಕೊಂಡು ಕೈ ಬರಿದಾಗಿತ್ತು.

1911 ಮಾರ್ಚ್ 25, ಶನಿವಾರ ಸಂಜೆ

ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಕ್ಕದ ಹತ್ತು ಮಹಡಿಯ ಆ್ಯಶ್ ಬಿಲ್ಡಿಂಗ್. ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಕಂಪನಿ. ಹೆಂಗಸರ ಬ್ಲೌಸ್ ಹೊಲಿಯುವ ಕಾರ್ಖಾನೆ ಅದು. ಕೆಲಸದವರು ಹೆಚ್ಚಾಗಿ ಇಟಲಿಯ ಮತ್ತು ಯಹೂದಿ ಹುಡುಗಿಯರು. ಎರಡು ವರ್ಷ ಹಿಂದೆ ಇದೇ ಹುಡುಗಿಯರು ಮುಷ್ಕರ ಹೂಡಿದ್ದರು. 1909ರ ನವೆಂಬರಿನಲ್ಲಿ ಕೂಪರ್ ಯೂನಿಯನ್ ಸಭಾಂಗಣದಲ್ಲಿ ದೊಡ್ಡವರ ಭಾಷಣ ಕೇಳಿ ಕೇಳಿ ಬೇಸತ್ತ ಕ್ಲಾರಾ ಲೆಮ್ಲಿಕ್ ಎಂಬ ಹುಡುಗಿ ವೇದಿಕೆ ಹತ್ತಿ, ಮಾತು ಸಾಕು, ಮುಷ್ಕರ ಹೂಡೋಣ ಎಂದು ಯಹೂದಿಗಳ ಆಡುಮಾತಾದ ಯಿಡ್ಡಿಷ್‌ನಲ್ಲಿ ಹೇಳಿದ್ದರು. ಊರಿನ ಬ್ಲೌಸ್ ಕಾರ್ಖಾನೆಗಳ ಇಪ್ಪತ್ತು ಸಾವಿರ ಮಂದಿ ಬೀದಿಗಿಳಿದರು. ಹಲವು ಕಾರ್ಖಾನೆಗಳು ಯೂನಿಯನ್ ಜೊತೆ ಒಪ್ಪಂದಕ್ಕೆ ಬಂದವು. ಟ್ರಯಾಂಗಲ್ ಯೂನಿಯನ್ನನ್ನು ಒಪ್ಪಲೇ ಇಲ್ಲ.

ಅವತ್ತು ಕೆಲಸ ಮುಗಿಯುವ ಹೊತ್ತಿಗೆ ಎಂಟನೇ ಮಹಡಿಯ ಚಿಂದಿ ಬಟ್ಟೆಗೆ ಬೆಂಕಿ ಹತ್ತಿತು. ಹತ್ತನೇ ಮಹಡಿಯ ಆಫೀಸಿಗೆ ಫೋನ್ ಹೋಯಿತು. ಒಂಬತ್ತನೆಯದಕ್ಕೆ ಯಾರೂ ಹೇಳಲಿಲ್ಲ. ಅಲ್ಲಿ ಒಂದು ಬದಿಯ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿತ್ತು. ಹೊರಗೆ ಹೋಗುವಾಗ ಒಂದೇ ಬಾಗಿಲಲ್ಲಿ ಎಲ್ಲರ ಚೀಲ ತಪಾಸಣೆ ಮಾಡಲು ಇದ್ದ ಏರ್ಪಾಡು. ಹಿಂಬದಿಯ ಕಬ್ಬಿಣದ ಏಣಿ ಭಾರ ತಾಳದೆ ಕುಸಿಯಿತು. ಅಗ್ನಿಶಾಮಕದವರ ಏಣಿ ಆರನೇ ಮಹಡಿಯವರೆಗೆ ಮಾತ್ರ ಎಟುಕಿತು. ಕಿಟಕಿಯಿಂದ ಹಾರಿದವರೇ ಎಷ್ಟೋ ಮಂದಿ. ಅರ್ಧ ಗಂಟೆಯೊಳಗೆ 146 ಜನ ಸತ್ತರು. ಮಾಲೀಕರಿಬ್ಬರ ಮೇಲೆ ಕೇಸು ನಡೆಯಿತು. ಬಾಗಿಲಿಗೆ ಬೀಗ ಬಿದ್ದದ್ದು ಅವರಿಗೆ ಗೊತ್ತಿತ್ತು ಎಂದು ಸಾಬೀತಾಗದೆ ಇಬ್ಬರೂ ಬಿಡುಗಡೆಯಾದರು.

ಹತ್ತಿರದ ಮನೆಯೊಂದರಲ್ಲಿ ಟೀ ಕುಡಿಯುತ್ತಿದ್ದ 30 ವರ್ಷದ ಫ್ರಾನ್ಸಿಸ್ ಪರ್ಕಿನ್ಸ್ ಗಲಾಟೆ ಕೇಳಿ ಓಡಿ ಬಂದರು. ಎಲ್ಲವನ್ನೂ ಕಣ್ಣಾರೆ ಕಂಡರು. ಕಾಲೇಜಿನಲ್ಲಿದ್ದಾಗ ಕೆಲ್ಲಿಯವರ ಭಾಷಣ ಕೇಳಿ ಈ ದಾರಿ ಹಿಡಿದವರು, ಹಲ್ ಹೌಸ್‌ನಲ್ಲೂ ಕೆಲಸ ಮಾಡಿದ್ದವರು. ಆಗ ಕನ್ಸ್ಯೂಮರ್ಸ್ ಲೀಗ್‌ನ ನ್ಯೂಯಾರ್ಕ್ ಶಾಖೆಯ ಕಾರ್ಯದರ್ಶಿ.

ಶಾಸಕರನ್ನು ಕಿಂಡಿಯಲ್ಲಿ ತೂರಿಸಿದ ಪರ್ಕಿನ್ಸ್

ಜನರ ಸಿಟ್ಟಿಗೆ ಹೆದರಿ ನ್ಯೂಯಾರ್ಕ್ ರಾಜ್ಯ ಕಾರ್ಖಾನೆ ತನಿಖಾ ಆಯೋಗ ಮಾಡಿತು. ಶಾಸಕ ರಾಬರ್ಟ್ ವ್ಯಾಗ್ನರ್ ಅಧ್ಯಕ್ಷರು, ಅಲ್ ಸ್ಮಿತ್ ಉಪಾಧ್ಯಕ್ಷರು. ಆಯೋಗ ಅಂದರೆ ಕಡತ ತುಂಬಿಸಿ ಮುಗಿಸುವುದು ಎಂಬುದು ಎಲ್ಲ ಕಡೆ ಗೊತ್ತಿರುವ ವಿಷಯವೇ. ಇಲ್ಲಿ ಹಾಗಾಗಲಿಲ್ಲ. ಪರ್ಕಿನ್ಸ್ ಇವರನ್ನೆಲ್ಲ ಕಾರ್ಖಾನೆಗಳಿಗೇ ಎಳೆದುಕೊಂಡು ಹೋದರು. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಕಾಲೆಳೆಯುತ್ತಾ ಹೊರಬರುವ ಹೆಂಗಸರನ್ನು ಸ್ಮಿತ್‌ಗೆ ತೋರಿಸಿದರು. ಒಂದು ಕಡೆ ಗೋಡೆಯಲ್ಲಿ ಸಣ್ಣ ಕಿಂಡಿ. ಅದರಾಚೆ ಹಿಮಗಟ್ಟಿದ ಕಡಿದಾದ ಏಣಿ, ಅದೂ ನೆಲಕ್ಕಿಂತ ಹನ್ನೆರಡು ಅಡಿ ಮೇಲೇ ಮುಗಿಯುತ್ತಿತ್ತು. ಮೇಲೆ ಬೆಂಕಿ ಬಿದ್ದರೆ ಪಾರಾಗುವ ದಾರಿ ಎಂದು ಬೋರ್ಡು! ವ್ಯಾಗ್ನರ್ ಅವರೇ ಆ ಕಿಂಡಿಯಲ್ಲಿ ತೂರುವಂತೆ ಮಾಡಿದರು.

ಇದರಿಂದ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು. ಕೆಲಸದ ಹೊತ್ತಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಬಾಗಿಲು ಹೊರಕ್ಕೆ ತೆರೆಯಬೇಕು, ಎತ್ತರದ ಕಟ್ಟಡಗಳಲ್ಲಿ ಬೆಂಕಿಗೆ ತಾನಾಗಿ ನೀರು ಸುರಿಯುವ ಏರ್ಪಾಡು ಇರಬೇಕು, ಬೆಂಕಿಯ ಅಣಕು ಕವಾಯತು ನಡೆಸಬೇಕು. ಬಾಗಿಲು ಹೊರಕ್ಕೇ ಯಾಕೆ? ಗಾಬರಿಯಲ್ಲಿ ಎಲ್ಲರೂ ಬಂದು ಒತ್ತಿ ನಿಂತರೆ ಒಳಕ್ಕೆ ತೆರೆಯುವ ಬಾಗಿಲನ್ನು ಎಳೆಯಲು ಜಾಗವೇ ಇರುವುದಿಲ್ಲ.

1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾಗುವ ಹೊತ್ತಿಗೆ ಅಮೆರಿಕದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅವರು ಪರ್ಕಿನ್ಸ್ ಅವರನ್ನು ಕಾರ್ಮಿಕ ಸಚಿವೆಯಾಗಲು ಕೇಳಿದರು. ಅಮೆರಿಕದ ಮಂತ್ರಿಮಂಡಲದಲ್ಲಿ ಅದುವರೆಗೆ ಹೆಂಗಸರೇ ಇರಲಿಲ್ಲ. ಪರ್ಕಿನ್ಸ್ ಕೂಡಲೇ ಒಪ್ಪದೆ ಒಂದು ಪಟ್ಟಿ ಮುಂದಿಟ್ಟರು: ವಾರಕ್ಕೆ 40 ಗಂಟೆ ಕೆಲಸ, ಕನಿಷ್ಠ ಕೂಲಿ, ನಿರುದ್ಯೋಗ ಭತ್ಯೆ, ಮಕ್ಕಳ ದುಡಿಮೆಗೆ ತಡೆ, ಮುಪ್ಪಿನ ಪಿಂಚಣಿ, ಆರೋಗ್ಯ ವಿಮೆ. ಇವೆಲ್ಲ ಮಾಡಲು ಬಿಡುವುದಾದರೆ ಬರುತ್ತೇನೆ ಅಂದರು. ರೂಸ್‌ವೆಲ್ಟ್ ಹೂಂ ಅಂದರು. ಹನ್ನೆರಡು ವರ್ಷ ಅವರೇ ಸಚಿವೆ.

ದೊಡ್ಡ ಭಯ ಸುಪ್ರೀಂ ಕೋರ್ಟಿನದು. ಪಿಂಚಣಿ ಕಾನೂನು ಮಾಡಿದರೆ ಅದನ್ನೂ ಹೊಡೆದುಹಾಕಿದರೆ? ಒಂದು ಟೀ ಕೂಟದಲ್ಲಿ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್ ಪಕ್ಕ ಕೂತಿದ್ದಾಗ ಪರ್ಕಿನ್ಸ್ ಈ ಚಿಂತೆ ತೋಡಿಕೊಂಡರು. ಸ್ಟೋನ್ ಮೆಲ್ಲಗೆ, ತೆರಿಗೆ ಹಾಕುವ ಅಧಿಕಾರದಡಿ ಮಾಡಿ, ಬೇಕಾದ್ದೆಲ್ಲ ಆಗುತ್ತದೆ ಎಂಬ ಸುಳಿವು ಕೊಟ್ಟರು. ಪರ್ಕಿನ್ಸ್ ಆಮೇಲೆ ಹೇಳಿಕೊಂಡ ಪ್ರಸಂಗ ಇದು. ಪೇ ಸ್ಲಿಪ್‌ನ ಈ ಕಡಿತವನ್ನು ತೆರಿಗೆಯಾಗಿಯೇ ವಸೂಲಿ ಮಾಡುವುದರ ಬೇರು ಇಲ್ಲಿದೆ. 1935 ಆಗಸ್ಟ್ 14ರಂದು ರೂಸ್‌ವೆಲ್ಟ್ ಸೋಶಿಯಲ್ ಸೆಕ್ಯೂರಿಟಿ ಕಾನೂನಿಗೆ ಸಹಿ ಹಾಕಿದರು. 1937ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಮುಂದಿನ ವರ್ಷ ಕನಿಷ್ಠ ಕೂಲಿಯ ಕಾನೂನೂ ಬಂತು, ಗಂಟೆಗೆ 25 ಸೆಂಟ್.

ಹಾಗಾದರೆ ಈ ಹಣ ಎಲ್ಲಿ ಹೋಗುತ್ತದೆ?

ಪಿಎಫ್‌ನಲ್ಲಿ ನಿಮ್ಮ ಹಣ ನಿಮ್ಮ ಹೆಸರಲ್ಲೇ ಇರುತ್ತದೆ. ಸೋಶಿಯಲ್ ಸೆಕ್ಯೂರಿಟಿ ಹಾಗಲ್ಲ, ಅದು ಕೂಡುಕುಟುಂಬದ ಲೆಕ್ಕ. ಇವತ್ತು ದುಡಿಯುವ ಮಕ್ಕಳ ಸಂಪಾದನೆಯಲ್ಲಿ ಇವತ್ತಿನ ಅಜ್ಜ ಅಜ್ಜಿಯರ ಊಟ. ನಾಳೆ ಇವರಿಗೆ ವಯಸ್ಸಾದಾಗ ಇವರ ಮಕ್ಕಳ ದುಡಿಮೆ. ಮೊದಲ ತಿಂಗಳ ಚೆಕ್ ಪಡೆದವರು ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್, 1940ರ ಜನವರಿಯಲ್ಲಿ, 22 ಡಾಲರ್ 54 ಸೆಂಟ್. ಅವರು ಅದುವರೆಗೆ ಕಟ್ಟಿದ್ದು ಒಟ್ಟು 24 ಡಾಲರ್ 75 ಸೆಂಟ್. ನೂರು ವರ್ಷ ಬದುಕಿದರು, ಪಡೆದದ್ದು 22 ಸಾವಿರ ಡಾಲರಿಗೂ ಜಾಸ್ತಿ.

ಈಗ ಮುಪ್ಪಿನ ಪಿಂಚಣಿಗೆ ಅರ್ಹರಾಗಲು ದುಡಿಮೆಯಿಂದ ಗಳಿಸುವ 40 ಕ್ರೆಡಿಟ್, ಅಂದರೆ ಅಂಕ, ಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಿಗುವುದರಿಂದ ಕನಿಷ್ಠ ಹತ್ತು ವರ್ಷ ದುಡಿಯಬೇಕು. ಎಚ್-1ಬಿ ವೀಸಾ ಸಾಮಾನ್ಯವಾಗಿ ಆರು ವರ್ಷಕ್ಕೆ. ಆರು ವರ್ಷ ದುಡಿದು ಬೆಂಗಳೂರಿಗೋ ಮೈಸೂರಿಗೋ ವಾಪಸಾದವರು ಕಟ್ಟಿದ ಹಣ ಅಲ್ಲೇ ಉಳಿಯುತ್ತದೆ. ಎರಡು ದೇಶಗಳ ದುಡಿಮೆಯ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದ ಅಮೆರಿಕಕ್ಕೆ ಹಲವು ದೇಶಗಳ ಜೊತೆ ಇದೆ. ಭಾರತ ಬಹಳ ಕಾಲದಿಂದ ಕೇಳುತ್ತಲೇ ಬಂದಿದೆ.

ಹೊರಗೆ ಉಳಿದವರು

1935ರ ಕಾನೂನು ಹೊಲದಲ್ಲಿ ದುಡಿಯುವವರನ್ನೂ ಮನೆಗೆಲಸದವರನ್ನೂ ಒಳಗೆ ಸೇರಿಸಲಿಲ್ಲ. ದಕ್ಷಿಣದ ಕಪ್ಪು ಜನರಲ್ಲಿ ಬಹುಪಾಲು ಮಾಡುತ್ತಿದ್ದದ್ದು ಇವೇ ಎರಡು ಕೆಲಸ. ದಕ್ಷಿಣದ ಸಂಸದರ ಒತ್ತಡ ಕಾರಣವೋ, ತೆರಿಗೆ ವಸೂಲಿಯ ತೊಡಕು ಕಾರಣವೋ ಎಂದು ಇತಿಹಾಸಕಾರರ ವಾದ ಇನ್ನೂ ಮುಗಿದಿಲ್ಲ. ಅವರನ್ನು ಸೇರಿಸಿಕೊಂಡದ್ದು 1950ರ ದಶಕದಲ್ಲಿ.

ಎಣಿಸಿ ತೋರಿಸುವ ದಾರಿ ಎಲ್ಲರಿಗೂ ಅಷ್ಟೇ ಬೇಗ ಫಲ ಕೊಡಲಿಲ್ಲ ಎಂಬುದಕ್ಕೆ ಐಡಾ ಬಿ. ವೆಲ್ಸ್ ಸಾಕ್ಷಿ. ಮಿಸ್ಸಿಸಿಪ್ಪಿಯಲ್ಲಿ ಗುಲಾಮರ ಮಗಳಾಗಿ ಹುಟ್ಟಿ ಪತ್ರಕರ್ತೆಯಾದವರು. 1892ರಲ್ಲಿ ಮೆಂಫಿಸ್‌ನಲ್ಲಿ ಅವರ ಮೂವರು ಪರಿಚಿತರನ್ನು ಬಿಳಿಯರ ಗುಂಪು ಕೊಂದುಹಾಕಿತು. ಅಂಗಡಿ ಚೆನ್ನಾಗಿ ನಡೆಸಿ ಬಿಳಿಯ ಅಂಗಡಿಯವನಿಗೆ ಪೈಪೋಟಿಯಾದದ್ದು ಇದರ ಮೂಲ. ವೆಲ್ಸ್ ಇಂಥ ಗುಂಪು ಕೊಲೆಗಳ ಲೆಕ್ಕವನ್ನು ಊರು, ದಿನಾಂಕ, ಹೊರಿಸಿದ ಆರೋಪದ ಸಮೇತ ಪ್ರಕಟಿಸಿದರು. ಸುಳ್ಳು ಎನ್ನಲು ಬಾರದಂತೆ ಬಿಳಿಯರ ಪತ್ರಿಕೆಯ ಅಂಕಿಗಳನ್ನೇ ಬಳಸಿದರು. ಅವರು ಊರಲ್ಲಿಲ್ಲದಾಗ ಪತ್ರಿಕೆಯ ಕಚೇರಿಯನ್ನು ಪುಡಿ ಮಾಡಲಾಯಿತು. ಗುಂಪು ಕೊಲೆಯ ವಿರುದ್ಧ ಅಮೆರಿಕದ ಸಂಸತ್ತಿಗೆ ಮೊದಲ ಮಸೂದೆ ಬಂದದ್ದು 1900ರಲ್ಲಿ. ಅಂಥ ಕಾನೂನಿಗೆ ಅಧ್ಯಕ್ಷರ ಸಹಿ ಬಿದ್ದದ್ದು 2022ರ ಮಾರ್ಚಿನಲ್ಲಿ.

ಪಟ್ಟಿಯಲ್ಲಿ ಉಳಿದದ್ದು

ಪರ್ಕಿನ್ಸ್ ಪಟ್ಟಿಯಲ್ಲಿ ಆಗದೇ ಹೋದ ದೊಡ್ಡ ಬಾಬ್ತು ಆರೋಗ್ಯ ವಿಮೆ. 1965ರಲ್ಲಿ 65 ದಾಟಿದವರಿಗೆ ಮೆಡಿಕೇರ್ ಬಂತು. 2010ರ ಕಾನೂನು ಇನ್ನಷ್ಟು ಜನರಿಗೆ ವಿಮೆ ಸಿಗುವಂತೆ ಮಾಡಿತು. ದುಡಿಯುವ ವಯಸ್ಸಿನ ಬಹಳಷ್ಟು ಜನರಿಗೆ ಮಾತ್ರ ವಿಮೆ ಇವತ್ತಿಗೂ ಕಂಪನಿಯ ಮೂಲಕವೇ. ಹಾಗಾಗಿ ಅಲ್ಲಿ ಲೇಆಫ್ ಅಂದರೆ ಬರೀ ಸಂಬಳ ಹೋಗುವುದಲ್ಲ, ವಿಮೆಯೂ ಹೋಗುತ್ತದೆ. ಕೋಬ್ರಾ ಎಂಬ ಕಾನೂನಿನಡಿ ಹಳೆಯ ಪಾಲಿಸಿಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಆಗ ನಾವೇ ಕಟ್ಟಬೇಕು. ಕೆಲಸ ಹೋದ ದಿನವೇ ಎಚ್‌ಆರ್‌ನವರಲ್ಲಿ ಅದರ ಕಾಗದಗಳನ್ನು ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.